ಐದು ಕೋಳಿ, ಆರು ಕೈ

ಅಪ್ಪ ಅರ್ಧ ಊಟಕ್ಕೇ ಎದ್ದುಹೋದ ಮೇಲೆ ನಮ್ಮ ಮನೆಯಲ್ಲಿ ಆರು ಜನ ಆರು ಹೊತ್ತಿಗೆ ಉಣ್ಣತೊಡಗಿದೆವು.

ಜಗಳ ಎದ್ದದ್ದು ಹಿತ್ತಲಿನ ವಿಷಯಕ್ಕೆ. ಅಣ್ಣ ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಾನೆ. ಅವನು ಬಾಡಿಗೆಗೆ ಹಿಡಿದಿದ್ದ ಅಂಗಡಿಯನ್ನು ಮಾಲೀಕರು ತಮ್ಮ ಅಳಿಯನಿಗೆ ಬೇಕೆಂದು ಬಿಡಲು ಹೇಳಿದ್ದರು. ಊರೆಲ್ಲ ತಿರುಗಿ ಎಲ್ಲೂ ಜಾಗ ಸಿಗದೆ, ಒಂದು ದಿನ ಎಲ್ಲರೂ ಉಣ್ಣುತ್ತಿರುವಾಗ ಅವನು ಮಾತು ತೆಗೆದ.

"ಹಿತ್ತಲಲ್ಲಿ ಒಂದು ಕೋಣೆ ಕಟ್ಟಿಸ್ತೀನಪ್ಪ. ಹಿಂದಿನ ಓಣಿಗೆ ಬಾಗಿಲಿಟ್ಟರೆ ಗಿರಾಕಿಗಳು ಬರ್ತಾರೆ."

"ಕಟ್ಟಿಸು. ಹಿತ್ತಲಲ್ಲಿ ಎಲ್ಲಿ?"

"ಗೂಡಿರೋ ಕಡೆ."

ಅಪ್ಪ ತುತ್ತು ಕೆಳಗಿಟ್ಟ. ಆ ಗೂಡನ್ನು ಮಾಡಿಕೊಟ್ಟವನು ಅವನೇ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಅಪ್ಪ, ಗುಜರಿಗೆ ಬಿದ್ದ ಬಸ್ಸಿನ ಸೀಟುಗಳ ಕಬ್ಬಿಣದ ಚೌಕಟ್ಟು ತಂದು, ಜಾಲರಿ ಬಿಗಿದು, ಮೇಲೆ ತಗಡು ಹೊದಿಸಿದ್ದ. ಕೋಳಿಗಳು ಮಲಗುವುದು ಸೀಟಿನ ಹಿಡಿಕೆಯ ಮೇಲೆ. ಸಂಜೆ ಉಳಿದವನ್ನೆಲ್ಲ ಒಳಗೆ ತಳ್ಳಿ ಕೊನೆಗೆ ತಾನು ಹತ್ತುವ ಕಂದು ಕೋಳಿಗೆ ಕಂಡಕ್ಟರ್ ಎಂದು ಹೆಸರು ಬಿದ್ದದ್ದು ಅದರಿಂದಲೇ.

"ಗೂಡನ್ನ ಏನು ಮಾಡ್ತೀಯ?" ಅಂದ ಅಪ್ಪ.

"ಐದು ಕೋಳಿ ತಾನೇ. ಯಾರಿಗಾದ್ರೂ ಕೊಟ್ಟರಾಯ್ತು."

"ದಿನಾ ಬೆಳಗ್ಗೆ ಯಾವುದರ ಮೊಟ್ಟೆ ತಿಂದು ಅಂಗಡಿಗೆ ಹೋಗ್ತೀಯೋ ನೀನು?"

"ಮೊಟ್ಟೆ ಅಂಗಡೀಲೂ ಸಿಗತ್ತೆ."

"ಹಾಗಾದ್ರೆ ಕೋಣೇನೂ ಅಂಗಡೀಲೇ ತಗೊಂಡು ಬಾ."

ಅಜ್ಜಿ ಮಧ್ಯೆ ಬಂದಳು. "ದುಡಿಯೋ ಮಗನಿಗಿಂತ ಕೋಳಿ ಹೆಚ್ಚಾಯ್ತೇನೋ ನಿನಗೆ?"

"ಅತ್ತೆ, ಅಪ್ಪ ಮಗ ಮಾತಾಡ್ಕೊಳ್ಳಲಿ ಬಿಡಿ," ಅಂದಳು ಅಮ್ಮ.

"ಓಹೋ. ನಾನು ಈ ಮನೆಯವಳಲ್ಲ ಅಂತಾಯ್ತು."

"ನಾನೆಲ್ಲಿ ಹಾಗಂದೆ?"

ಔಷಧಿ ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸದಿಂದ ಆಗಷ್ಟೇ ಬಂದು ಕೂತಿದ್ದ ಅತ್ತಿಗೆ, "ಒಂದ್ಸಲ ಇಬ್ಬರೂ ಹಿತ್ತಲಿಗೆ ಹೋಗಿ ನೋಡಿದ್ರೆ..." ಅನ್ನುವಷ್ಟರಲ್ಲಿ ಅಪ್ಪ, ಅಣ್ಣ ಇಬ್ಬರೂ ಒಟ್ಟಿಗೇ ಅವಳ ಕಡೆ ತಿರುಗಿ, "ನಿನ್ನ ಯಾರು ಕೇಳಿದ್ರು?" ಅಂದರು. ಅವತ್ತು ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

ಅಪ್ಪ ಎದ್ದ. "ಕೇಳಿಸ್ಕೋ. ಅವು ಮೊಟ್ಟೆ ಇಡ್ತಿರೋ ತನಕ ಆ ಗೂಡಿಗೆ ಕೈ ಹಚ್ಚಬೇಡ. ನಿಲ್ಲಿಸಿದ ದಿನ ಬಂದು ಹೇಳು, ನಾನೇ ಕಿತ್ತು ಹಾಕ್ತೀನಿ. ಇದು ನನ್ನ ಮಾತು."

ನಾನು ತಲೆ ಎತ್ತಲಿಲ್ಲ. ಆ ಕೋಳಿಗಳನ್ನು ಮರಿಯಿಂದ ಸಾಕಿದವಳು ನಾನು. ಬೇಗ ಶಾಲೆ ಬಿಟ್ಟು ಮನೆಯಲ್ಲಿ ಉಳಿದವಳಿಗೆ ಕೆಲಸಗಳು ಬೇಕಾದಷ್ಟಿರುತ್ತವೆ, ಆದರೆ ಇದು ನಿನ್ನದು ಎಂದು ಯಾರೂ ಹೇಳುವುದಿಲ್ಲ. ಪಾತ್ರೆ ತೊಳೆದರೆ ಪಾತ್ರೆ ಅಮ್ಮನದು, ಬಟ್ಟೆ ಒಗೆದರೆ ಬಟ್ಟೆ ಅವರವರದು. ಬೆಳಗ್ಗೆ ಬುಟ್ಟಿಯಲ್ಲಿ ಮೊಟ್ಟೆ ತಂದಿಟ್ಟಾಗ ಮಾತ್ರ ಅಪ್ಪ, "ಇವತ್ತು ಎಷ್ಟು ಕೊಟ್ಟೆ?" ಅಂತ ನನ್ನನ್ನೇ ಕೇಳುತ್ತಿದ್ದ, ನಾನೇ ಇಟ್ಟ ಹಾಗೆ.

ಮರುದಿನದಿಂದ ಮನೆ ಹಂಚಿಹೋಯಿತು. ಅಪ್ಪ ಅಣ್ಣನ ಜೊತೆ ಮಾತು ಬಿಟ್ಟ. ಅಜ್ಜಿ ಅಮ್ಮನ ಜೊತೆ ಬಿಟ್ಟಳು. ಅತ್ತಿಗೆ ಯಾರ ಜೊತೆಗೂ ಬಿಡಲಿಲ್ಲ, ಆದರೆ ಯಾರೂ ಅವಳನ್ನು ಮಾತಾಡಿಸಲಿಲ್ಲ. ಅಜ್ಜಿ ಎಲ್ಲರಿಗಿಂತ ಮೊದಲೆದ್ದು ತನ್ನ ಚಹಾ ತಾನೇ ಕಾಸಿಕೊಂಡು ಬ್ರೆಡ್ ತಿನ್ನುತ್ತಿದ್ದಳು. ಅಪ್ಪ ಬೆಳಗಿನ ಪಾಳಿ ಮುಗಿಸಿ ಬಂದು ಅಡುಗೆಮನೆಯಲ್ಲೇ ನಿಂತು ಉಣ್ಣುತ್ತಿದ್ದ. ಅಮ್ಮ ಹೊಲಿಗೆ ಯಂತ್ರದ ಮೇಲೆ ತಟ್ಟೆ ಇಟ್ಟುಕೊಳ್ಳುತ್ತಿದ್ದಳು. ಹೊಲಿಯಲು ಕೊಟ್ಟವರ ಬಟ್ಟೆಗೆ ಒಗ್ಗರಣೆ ವಾಸನೆ ಹತ್ತುತ್ತದೆ ಎಂದು ಮೊದಲು ನಮ್ಮನ್ನೆಲ್ಲ ಗದರಿಸುತ್ತಿದ್ದವಳು ಅವಳೇ. ಅಣ್ಣ ಬರುವಾಗ ಅನ್ನ ತಣ್ಣಗಾಗಿರುತ್ತಿತ್ತು. ಎಲ್ಲರ ತಟ್ಟೆಯಲ್ಲೂ ಅರ್ಧ ಉಳಿಯುತ್ತಿತ್ತು. ತೊಳೆಯಲು ನನ್ನ ಕೈಗೆ ಬರುವಾಗ ಮಾತ್ರ ತಟ್ಟೆಗಳು ಖಾಲಿ. ಅದೇಕೆ ಎಂದು ನಾನು ಆಗ ಯೋಚಿಸಲಿಲ್ಲ.

ಮೊದಲು ಮೊಟ್ಟೆ ಕಡಿಮೆಯಾಯಿತು. ಆಮೇಲೆ ನಿಂತೇಹೋಯಿತು.

ಬುಟ್ಟಿ ಬರಿದಾಗಿರುವುದನ್ನು ಮೊದಲು ಕಂಡವನು ಅಣ್ಣ. "ಇವತ್ತೂ ಇಲ್ವಾ?" ಅಂದ. ನಾನು ತಲೆ ಅಲ್ಲಾಡಿಸಿದೆ. ಗೆದ್ದೆ ಎನ್ನುವ ಮುಖವೇನೂ ಮಾಡಲಿಲ್ಲ ಅವನು. ಚಪ್ಪಲಿ ಮೆಟ್ಟುತ್ತ, "ಮೇಸ್ತ್ರಿಗೆ ಬರೋಕೆ ಹೇಳ್ತೀನಿ. ಮಾಂಸದಂಗಡಿಯವನೂ ಕೇಳ್ತಿದ್ದ," ಅಂದ. ಒಳಗಿದ್ದ ಅಪ್ಪ ಗೋಡೆಗೆ ಹೇಳುವ ಹಾಗೆ, "ಹೇಳಲಿ. ನನ್ನ ಮಾತಿಗೆ ನಾನು ತಪ್ಪೋನಲ್ಲ," ಅಂದ.

ನಾನು ಕೋಳಿಗಳಿಗೆ ಆಹಾರ ಸಾಲುತ್ತಿಲ್ಲವೇನೋ ಎಂದುಕೊಂಡು ಬೆಳಗಿನ ಒಂದು ಡಬ್ಬದ ಜೊತೆ ಸಂಜೆಗೂ ಒಂದು ಡಬ್ಬ ಹಾಕತೊಡಗಿದೆ.

ನಮ್ಮೂರಿನಲ್ಲಿ ಮನೆ ಹಿಂದೆ ಕೋಳಿ ಸಾಕುವವರು ಭಾನುವಾರ ಬೆಳಗ್ಗೆ ಕೋಳಿ ಮೇವು ಮಾರುವ ಫೀಡ್ ಅಂಗಡಿಯ ಹಿಂದಿನ ಅಂಗಳದಲ್ಲಿ ಸೇರುತ್ತಾರೆ. ಕ್ರೇಟುಗಳನ್ನು ಬೋರಲು ಹಾಕಿಕೊಂಡು ದುಂಡಗೆ ಕೂರುತ್ತಾರೆ. ಯಾರ ಕೋಳಿಗೆ ತೊಂದರೆಯಾಗಿದೆಯೋ ಅವರು ಕೋಳಿಯನ್ನು ತಂದಿರಬೇಕು. ಅದು ಕೈಯಿಂದ ಕೈಗೆ ಸುತ್ತು ಹೋಗುತ್ತದೆ. ಕೋಳಿ ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತಾಡಬೇಕು, ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ಹಿಂದೆ ಎಲ್ಲರೂ ಒಟ್ಟಿಗೆ ಬುದ್ಧಿ ಹೇಳಲು ಹೋಗಿ ಕೈಕೈ ಮಿಲಾಯಿಸಿದ್ದರಂತೆ, ಅದಕ್ಕೆ ಈ ನಿಯಮ. ಕೋಳಿ ತಂದವರ ಸರದಿ ಕೊನೆಗೆ. ನಾನು ಎಷ್ಟೋ ಭಾನುವಾರ ಹೋಗಿ ಕೊನೆಯ ಕ್ರೇಟಿನ ಮೇಲೆ ಕೂತು ಕೇಳಿ ಬಂದಿದ್ದೆ. ಕೋಳಿ ನನ್ನ ಕೈಗೆ ಬಂದರೆ ಬೆನ್ನು ಸವರಿ ಮುಂದಕ್ಕೆ ಕೊಡುತ್ತಿದ್ದೆ. ನನ್ನ ಕೋಳಿಯನ್ನು ಒಯ್ದಿರಲಿಲ್ಲ. ಒಯ್ದರೆ ಕೊನೆಗೆ ಮಾತಾಡಬೇಕಲ್ಲ.

ಆ ಭಾನುವಾರ ಮೇಡಂಳನ್ನು ಚೀಲದಲ್ಲಿಟ್ಟುಕೊಂಡು ಹೋದೆ. ಅವಳು ಬಿಳಿ ಕೋಳಿ. ನಡೆಯುವ ಠೀವಿಗೆ ಆ ಹೆಸರು.

"ಏನಂತೆ ಇವಳಿಗೆ?" ಎಂದರು ಪೋಸ್ಟ್‌ಮ್ಯಾನ್ ತಾತ.

"ಮೊಟ್ಟೆ ಇಡ್ತಿಲ್ಲ," ಅಂದೆ. ಅದೂ ಅರ್ಧ ನುಂಗಿಕೊಂಡೇ.

ತಾತ ಮೇಡಂಳನ್ನು ತೊಡೆಯ ಮೇಲಿಟ್ಟುಕೊಂಡರು. "ನನ್ನವೂ ಹೀಗೇ ನಿಲ್ಲಿಸಿದ್ದವು. ಬೆಳಕು ಸಾಲ್ತಿಲ್ಲ ಅಂತ ಯಾರೋ ಅಂದ್ರು, ಗೂಡಿಗೆ ದೊಡ್ಡ ಬಲ್ಬು ಹಾಕಿದೆ. ಮೊಟ್ಟೆ ಬರಲಿಲ್ಲ, ಪಕ್ಕದ ಮನೆಯವರು ಬಂದ್ರು."

ಆಮೇಲೆ ಹಲ್ಲಿನ ಡಾಕ್ಟರ ಸರದಿ. ಅವರು ಕೋಳಿ ಕೈಗೆ ಬಂದ ಕೂಡಲೇ ಅದರ ಬಾಯಿ ತೆರೆದು ನೋಡಿದರು. ಎಲ್ಲರೂ ನಕ್ಕರು. "ಅಭ್ಯಾಸ ಬಿಡಲ್ಲ," ಎಂದು ಅವರೂ ನಕ್ಕು, "ಜಂತುಹುಳ ಇರಬಹುದು, ಔಷಧಿ ಹಾಕಿ ನೋಡಮ್ಮ. ನಾನೊಂದು ಸಲ ಅಳತೆ ತಪ್ಪಿ ಹಾಕಿ ವಾರವಿಡೀ ಗೂಡು ತೊಳೆದೆ. ನೀನು ಹಾಗೆ ಮಾಡಬೇಡ," ಎಂದರು.

ಬ್ಯೂಟಿ ಪಾರ್ಲರ್ ಅಕ್ಕನ ಕೈಗೆ ಹೋದಾಗ ಮೇಡಂ ಯಾಕೋ ಸುಮ್ಮನಾದಳು. ಅಕ್ಕ ಅವಳನ್ನು ತಿರುಗಿಸಿ, ಹೊಟ್ಟೆಯ ಕೆಳಗೆ ಬೆರಳಿಟ್ಟು, ಸ್ವಲ್ಪ ಹೊತ್ತು ಹಾಗೇ ಕೂತರು.

"ಈ ಮೂಳೆಗಳ ನಡುವೆ ಖಾಲಿ ಚೀಲದ ಹಾಗೆ ಮೆತ್ತಗಿರಬೇಕು. ಇಲ್ಲಿ ನೋಡಿದ್ರೆ ಬೆಣ್ಣೆ ತುಂಬಿಸಿಟ್ಟ ಹಾಗಿದೆ. ಕೊಬ್ಬು ಕಣ್ರೀ. ಮೊಟ್ಟೆ ಬರೋಕೆ ದಾರಿ ಎಲ್ಲಿದೆ ಇವಳಿಗೆ? ನಮ್ಮತ್ತೆ ಹೀಗೇ ಮುದ್ದು ಮಾಡಿ ತಿನ್ನಿಸಿ, ಎರಡು ಕೋಳಿ ನಿಂತಲ್ಲೇ ಬಿದ್ದು ಸತ್ತವು. ಅದಕ್ಕೂ ನನ್ನನ್ನೇ ಬೈದರು, ಅದು ಬೇರೆ ಮಾತು. ಎಷ್ಟು ಹಾಕ್ತೀಯೇ ನೀನು?"

ಕೋಳಿ ನನ್ನ ಕೈಗೆ ಬಂತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಬೆಳಗ್ಗೆ ಒಂದು ಡಬ್ಬ. ಈಚೆಗೆ ಸಂಜೆಗೂ ಒಂದು."

"ಅಷ್ಟಕ್ಕೇ ಇಷ್ಟಾಗಲ್ಲ. ಮನೇಲಿ ಬೇರೆ ಯಾರು ಹಾಕ್ತಾರೆ?" ಅಕ್ಕ ನಿಯಮ ಮರೆತು ಕೇಳಿದರು.

"ಯಾರೂ ಇಲ್ಲ. ನಮ್ಮನೇಲಿ ಈಗ ಕೋಳಿ ಅಂದರೆ ಯಾರಿಗೂ ಆಗಲ್ಲ."

ಅಕ್ಕ ನಗು ತಡೆದುಕೊಂಡರು. ಪೋಸ್ಟ್‌ಮ್ಯಾನ್ ತಾತ ತಾವೂ ನಿಯಮ ಮುರಿದು, "ಹಾಗಾದ್ರೆ ನಿಮ್ಮನೆ ಗೋಡೆಗೇ ಕೈ ಬಂದಿರಬೇಕು. ಒಂದು ದಿನ ಕೂತು ನೋಡಮ್ಮ," ಎಂದರು.

ಮರುದಿನ ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ ಕಾಳು ಆರಿಸುವ ನೆಪ ಮಾಡಿಕೊಂಡು ಕೂತೆ. ಅದರ ಕಿಟಕಿ ಹಿತ್ತಲಿಗಿದೆ.

ಮೊದಲು ಬಂದವಳು ಅಜ್ಜಿ. ಸೆರಗಿನ ಮರೆಯಲ್ಲಿ ಚಹಾದಲ್ಲಿ ನೆನೆಸಿದ ಬ್ರೆಡ್ಡು. "ತಿನ್ನಿ. ಆ ಡಿಪೋದವನ ಮನೇಲಿ ನಿಮ್ಮನ್ನ ಕೇಳೋರು ಯಾರಿದ್ದಾರೆ, ನನ್ನನ್ನ ಕೇಳೋರು ಯಾರಿದ್ದಾರೆ," ಅಂದಳು. ಡಿಪೋದವನು ಅಂದರೆ ಅವಳ ಸ್ವಂತ ಮಗ.

ಆಮೇಲೆ ಅತ್ತಿಗೆ, ಕೆಲಸಕ್ಕೆ ಹೊರಟವಳು. ಊಟದ ಡಬ್ಬಿ ತೆರೆದು ಅರ್ಧ ಅನ್ನ ಸುರಿದಳು. "ಮಾತಾಡಿದ್ರೆ ನಿನ್ನ ಯಾರು ಕೇಳಿದ್ರು ಅಂತಾರೆ. ಸುಮ್ಮನಿದ್ರೆ ಮುಖ ಊದಿಸ್ಕೊಂಡಿದ್ದಾಳೆ ಅಂತಾರೆ. ನೀವೇ ಪುಣ್ಯವಂತರು, ಕೊಕ್ಕೊ ಅಂದರೆ ಮುಗೀತು." ಕಂಡಕ್ಟರ್ ಅವಳ ಚಪ್ಪಲಿಯ ಮೇಲೆ ಹತ್ತಿ ನಿಂತಿತ್ತು. ಅವಳು ಅದನ್ನು ಓಡಿಸಲಿಲ್ಲ.

ಮಧ್ಯಾಹ್ನಕ್ಕೆ ಮುಂಚೆ ಅಮ್ಮ ಬಂದಳು, ಹಿಂದಿನ ದಿನದ ಅನ್ನ ಕಲಸಿಕೊಂಡು. "ಈ ಮುದುಕಿ ನಿಮಗೆ ಒಂದು ಅಗುಳು ಹಾಕಲ್ಲ ಅಂತ ಗೊತ್ತು ನನಗೆ," ಎಂದು ಕೋಳಿಗಳಿಗೆ ಚಾಡಿ ಹೇಳಿದಳು. ಅಜ್ಜಿ ಹಾಕಿದ ಬ್ರೆಡ್ಡಿನ ಚೂರು ಇನ್ನೂ ಅವಳ ಕಾಲಡಿಯಲ್ಲೇ ಬಿದ್ದಿತ್ತು.

ಪಾಳಿ ಮುಗಿಸಿ ಬಂದ ಅಪ್ಪ ಮನೆಯೊಳಗೆ ಬರುವ ಮೊದಲೇ ಹಿತ್ತಲಿಗೆ ಹೋದ. ಡಿಪೋ ಅಂಗಿಯ ಎರಡೂ ಜೇಬಿನಿಂದ ಮೆಕ್ಕೆಜೋಳ ತೆಗೆದು ಹಾಕಿದ. ಆಮೇಲೆ, "ಇಡ್ರಮ್ಮ. ಒಂದಾದ್ರೂ ಇಟ್ಟು ನನ್ನ ಮಾತು ಉಳಿಸಿ," ಅಂದ. ಗ್ರೀಸು ಹತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಅತ್ತ ಇತ್ತ ನೋಡಿ, ಮುಂಬಾಗಿಲಿಗೆ ಸುತ್ತಿ ಬಂದು ಆಗಷ್ಟೇ ಬಂದವನ ಹಾಗೆ ಕೆಮ್ಮಿದ.

ಬೆಳಕು ಇಳಿಯುವ ಹೊತ್ತಿಗೆ ಅಣ್ಣ. ಅವನು ಬರುತ್ತಾನೆ ಎಂದು ನಾನು ಅಂದುಕೊಂಡಿರಲಿಲ್ಲ, ಕಾಳಿನ ಮೊರ ಎತ್ತಿಡುತ್ತಿದ್ದೆ. ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಿಸ್ಕತ್ತು ಮುರಿದು ಮುರಿದು ಹಾಕಿದ. "ನಿಮ್ಮ ಮೇಲೆ ನನಗೇನೂ ಇಲ್ಲ. ಎಲ್ಲಿ ಹೋಗಲಿ ನಾನು, ನೀವೇ ಹೇಳಿ," ಅಂದ.

ಇವರೆಲ್ಲರ ಮೇಲೆ ನನ್ನ ಎರಡು ಡಬ್ಬ. ಪ್ರತಿಯೊಬ್ಬರೂ ಉಳಿದವರೆಲ್ಲ ಕಟುಕರು ಎಂದುಕೊಂಡು ಆ ಐದು ಪ್ರಾಣಿಗಳನ್ನು ತಿನ್ನಿಸಿ ತಿನ್ನಿಸಿ ಸಾಯುವ ಹಂತಕ್ಕೆ ತಂದಿದ್ದೆವು.

ಹೇಳಲೇಬೇಕಿತ್ತು. ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಹೇಳಿದರೆ ಅವರು ಮಿಕ್ಕವರನ್ನು ದೂರುತ್ತಾರೆ, ತಾವು ಒಪ್ಪಿಕೊಳ್ಳುವುದಿಲ್ಲ. ಅಣ್ಣ ಕೈಕಾಲು ತೊಳೆದು ಒಳಗೆ ಬಂದ. ಅತ್ತಿಗೆ ಆಗಲೇ ಬಂದಿದ್ದಳು. ಅಪ್ಪ ನಡುಮನೆಯಲ್ಲಿ ಪೇಪರ್ ಹಿಡಿದು ಕೂತಿದ್ದ, ಅಮ್ಮ ಯಂತ್ರದ ಮುಂದೆ, ಅಜ್ಜಿ ಮಂಚದ ಮೇಲೆ. ನಾನು ಮೇಡಂಳನ್ನು ಎತ್ತಿಕೊಂಡು ಬಂದು ಅಪ್ಪನ ಪೇಪರಿನ ಮೇಲಿಟ್ಟೆ.

"ಇದೇನೇ, ಒಳಗೆ ತಂದಿದ್ದೀಯ?"

"ಹೊಟ್ಟೆ ಕೆಳಗೆ ಕೈ ಹಾಕಿ ನೋಡಪ್ಪ. ಕೋಳಿ ಯಾರ ಕೈಲಿದೆಯೋ ಅವರು ಮಾತ್ರ ಮಾತಾಡಬೇಕು. ಆಮೇಲೆ ಪಕ್ಕದವರಿಗೆ ಕೊಡಬೇಕು."

"ಇದ್ಯಾವ ಕೋರ್ಟಿನ ಕಾನೂನೇ?" ಅಂದಳು ಅಜ್ಜಿ.

"ಅಜ್ಜಿ, ಕೋಳಿ ನಿನ್ನ ಕೈಲಿಲ್ಲ."

ನಾನು ಅಜ್ಜಿಗೆ ಎದುರು ಮಾತಾಡಿದ್ದು ಅದೇ ಮೊದಲು.

ಅಪ್ಪ ಮುಟ್ಟಿ ನೋಡಿದ. "ಗಟ್ಟಿ ಇದೆ. ಏನಿದು?"

"ಕೊಬ್ಬು. ತಿಂದು ತಿಂದು ಮೊಟ್ಟೆ ನಿಂತಿದೆ. ಹೀಗೇ ಬಿಟ್ಟರೆ ಸಾಯ್ತವೆ. ನಾನು ದಿನಕ್ಕೆ ಎರಡು ಡಬ್ಬ ಹಾಕ್ತಿದ್ದೆ. ನೀನು?"

ಅಪ್ಪ ಕೋಳಿಯ ಮುಖ ನೋಡಿದ. "ಯಾವಾಗಲೋ ಒಂದೆರಡು ಕಾಳು."

"ಎರಡು ಜೇಬು," ಅಂದೆ.

ಅವನು ಮೇಡಂಳನ್ನು ಅಮ್ಮನ ಕಡೆ ದಾಟಿಸಿದ. ಅಮ್ಮ ಅವಳನ್ನು ತಗೊಳ್ಳುತ್ತಲೇ, "ಉಳಿದ ಅನ್ನ ಹಾಕಿದ್ದು ನಿಜ. ಮತ್ತೆ ಈ ಮನೇಲಿ ಯಾರು ಹಾಕ್ತಾರೆ ಅವಕ್ಕೆ?" ಎಂದು ಅಜ್ಜಿಯ ಕಡೆ ನೋಡಿದಳು. ಅಜ್ಜಿ ಎದ್ದು ಬಂದು ಕೋಳಿಯನ್ನು ಕಿತ್ತುಕೊಂಡಳು.

"ನಾನು ಹಾಕ್ತೀನಿ. ನೀವೆಲ್ಲ ಏಳೋ ಮೊದಲೇ ಹಾಕ್ತೀನಿ. ನನ್ನ ಬಾಯಿಂದ ತೆಗೆದು ಹಾಕ್ತೀನಿ. ಈ ಮನೆಗೆ ಬಂದಾಗಿಂದ..." ಎಂದು ಶುರು ಮಾಡಿದವಳು ನಿಲ್ಲಿಸುವ ಲಕ್ಷಣ ಕಾಣಲಿಲ್ಲ. ಅತ್ತಿಗೆ ಕೈ ಚಾಚಿದಳು. "ಅಜ್ಜಿ, ನನಗೆ ಕೊಡಿ. ಮೇಡಂಗೆ ಉಸಿರು ಕಟ್ತಿದೆ."

"ನಾನು ನನ್ನ ಡಬ್ಬಿಯ ಅರ್ಧ ಹಾಕ್ತೀನಿ," ಅಂದಳು ಅತ್ತಿಗೆ. "ಒಬ್ಬಳೇ ಕೂತರೆ ಊಟ ಸೇರಲ್ಲ ನನಗೆ." ಅಷ್ಟು ಹೇಳಿ ಕೋಳಿಯನ್ನು ಗಂಡನ ಕೈಗಿಟ್ಟಳು.

ಅಣ್ಣ ಅದನ್ನು ಹಿಡಿದುಕೊಂಡು ನಿಂತ. ಕಿವಿ ಕೆಂಪಾಗಿತ್ತು. "ಬಿಸ್ಕತ್ತು," ಅಂದ.

"ಬಿಸ್ಕತ್ತಾ?" ಅಂದ ಅಪ್ಪ. ಇಷ್ಟು ದಿನದ ಮೇಲೆ ಅಪ್ಪ ಅಣ್ಣನಿಗೆ ಆಡಿದ ಮೊದಲ ಮಾತು.

"ಕೋಳಿ ನಿನ್ನ ಕೈಲಿಲ್ಲ, ಬಾಯ್ಮುಚ್ಚು," ಅಂದಳು ಅಜ್ಜಿ.

"ಕ್ರೀಮಿಂದಲ್ಲ," ಅಂದ ಅಣ್ಣ. "ಬರೀದು."

ಮೊದಲು ನಕ್ಕವಳು ಅಮ್ಮ. ಬಾಯಿಗೆ ಅಡ್ಡ ಹಿಡಿದ ಬಟ್ಟೆ ಯಾರದೋ ಮದುವೆಯ ರವಿಕೆ ಎಂದು ಗೊತ್ತಾಗಿ ಥಟ್ಟನೆ ತೆಗೆದಳು. ಅಜ್ಜಿಗೂ ನಗು ಬಂತು, ಅಪ್ಪ ಪೇಪರ್ ಮುಖಕ್ಕೆ ಹಿಡಿದರೂ ಅದು ಅಲ್ಲಾಡುತ್ತಿತ್ತು. ಅಣ್ಣ ಮಾತ್ರ ನಗಲಿಲ್ಲ. ಕೋಳಿ ಇನ್ನೂ ಅವನ ಕೈಯಲ್ಲೇ ಇತ್ತು.

"ಅಂಗಡಿ ಬಿಡೋ ದಿನ ಹತ್ತಿರ ಬಂತು," ಅಂದ. "ರಸ್ತೆ ಬದಿ ಸ್ಟೂಲು ಹಾಕ್ಕೊಂಡು ಕೂರಲಾ? ಬಿಚ್ಚಿಟ್ಟ ಮೋಟರುಗಳನ್ನ ಎಲ್ಲಿ ಇಡಲಿ? ನನ್ನ ನಂಬಿ ಸಾಮಾನು ಕೊಟ್ಟಿರೋರು ಇದ್ದಾರೆ. ನಾನು ಕೇಳಿದ್ದು ಒಂದು ಕೋಣೆ. ನನಗೇನು ಕೋಳಿ ಮೇಲೆ ಹಗೆಯಾ? ಕೆಲಸ ಮಾಡೋಕೆ ಜಾಗ ಬೇಕು ಅಷ್ಟೇ."

ಅಪ್ಪನಿಗೆ ಮಧ್ಯೆ ಮಾತಾಡುವ ಹಾಗಿರಲಿಲ್ಲ. ಕೊನೆತನಕ ಕೇಳಿದ. ಅಣ್ಣ ಸುಮ್ಮನಾದ ಮೇಲೆ ಕೈ ಚಾಚಿ ಮೇಡಂಳನ್ನು ತಗೊಂಡ.

"ಎಷ್ಟು ಉದ್ದ ಬೇಕು ನಿನಗೆ?"

"ಅಳತೆ ತಗೊಂಡಿಲ್ಲ."

"ಯಾರೂ ತಗೊಂಡಿಲ್ಲ," ಅಂದಳು ಅತ್ತಿಗೆ, ಕೋಳಿ ಕೈಯಲ್ಲಿಲ್ಲದಿದ್ದರೂ. "ನಾನು ಅವತ್ತು ಅದನ್ನೇ ಹೇಳೋಕೆ ಹೊರಟಿದ್ದು."

ಟಾರ್ಚು, ಟೇಪು ಹಿಡಿದು ಎಲ್ಲರೂ ಹಿತ್ತಲಿಗೆ ಹೋದೆವು. ಗೂಡನ್ನು ಉಳಿಸಿಕೊಂಡೂ ಕೋಣೆಯಾಗುತ್ತಿತ್ತು, ಆದರೆ ಇಕ್ಕಟ್ಟು. ಗೂಡು ಹೋದರೆ ಆರಾಮ. ಅಪ್ಪ ಗೂಡಿನ ತಗಡಿನ ಮೇಲೆ ಕೈಯಿಟ್ಟು ನಿಂತ.

"ನಾನು ಆಡಿದ ಮಾತು ಹಾಗೇ ಇರಲಿ. ಮೇಸ್ತ್ರಿ ಮೂರು ಗೋಡೆ ಎಬ್ಬಿಸಲಿ. ನಾಲ್ಕನೇದಕ್ಕೆ ದಾರ ಹಿಡಿಯೋ ಹೊತ್ತಿಗೆ ಒಂದು ಮೊಟ್ಟೆ ಬಂದಿದ್ರೆ ಗೋಡೆ ಗೂಡಿನ ಈಚೆಗೆ. ಬರದಿದ್ರೆ ಗೂಡು ಹೋಗತ್ತೆ, ಕೋಣೆ ಕಾಂಪೌಂಡಿನ ತನಕ. ಆಯ್ತಾ?"

"ಆಯ್ತು," ಅಂದ ಅಣ್ಣ.

ನನ್ನನ್ನು ಯಾರೂ ಕೇಳಲಿಲ್ಲ. ಆದರೆ ಟಾರ್ಚಿನ ಬೆಳಕು ಒಂದು ಗಳಿಗೆ ನನ್ನ ಕಡೆ ತಿರುಗಿತು. ನಾನೂ ತಲೆಯಾಡಿಸಿದೆ.

ಅಮ್ಮ ತಾನೂ ಒಂದು ಕಾನೂನು ತಂದಳು. ಇನ್ನು ಮೇಲೆ ಎಲ್ಲರೂ ಒಟ್ಟಿಗೆ ಕೂತು ಉಣ್ಣಬೇಕು, ಯಾರ ತಟ್ಟೆಯೂ ಹಿತ್ತಲಿಗೆ ಹೋಗಕೂಡದು. "ಉಳಿಸೋ ಹಾಗಿದ್ರೆ ಮೊದಲೇ ಕಮ್ಮಿ ಬಡಿಸ್ಕೊಳ್ಳಿ," ಅಂದಳು. ಮೊದಮೊದಲು ಆ ಊಟದಲ್ಲಿ ಕೋಳಿ ಬಿಟ್ಟರೆ ಬೇರೆ ಮಾತಿರಲಿಲ್ಲ. ಅದಾದ ಮೇಲೆ ಸಿಮೆಂಟು, ತಗಡು, ಬಾಗಿಲು ಬಂದವು. ಒಂದು ದಿನ ಅಜ್ಜಿ ಅಮ್ಮನಿಗೆ ನೇರವಾಗಿ, "ಉಪ್ಪು ಕಮ್ಮಿಯಾಗಿದೆ," ಅಂದಳು. ಅಮ್ಮ ಖುಷಿಯಿಂದ ಎದ್ದು ಹೋಗಿ ಉಪ್ಪು ತಂದಳು.

ಕೋಳಿಗಳ ಆಹಾರ ನನ್ನೊಬ್ಬಳ ಕೈಗೆ ಬಂತು: ಬೆಳಗ್ಗೆ ಒಂದು ಡಬ್ಬ, ಆಮೇಲೆ ಬರೀ ಸ್ಕೂಲಿನ ಡ್ರಿಲ್ಲಿನಂಥ ಓಡಾಟ. ಸೊಪ್ಪನ್ನು ನೆಲಕ್ಕೆ ಹಾಕದೆ ಎತ್ತರಕ್ಕೆ ಕಟ್ಟಬೇಕು, ನೆಗೆದು ತಿನ್ನಲಿ ಎಂದಿದ್ದರು ಪಾರ್ಲರ್ ಅಕ್ಕ. ಅಣ್ಣ ಹಳೆ ಫ್ಯಾನಿನ ಕೊಂಡಿಯಿಂದ ಒಂದು ಎಲೆಕೋಸು ತೂಗುಬಿಟ್ಟ. ಐದೂ ಅದರ ಕೆಳಗೆ ನೆಗೆಯುವುದನ್ನು ನೋಡಿ ಅತ್ತಿಗೆ, "ನನ್ನ ಡಾಕ್ಟ್ರೂ ನನಗೆ ಇದನ್ನೇ ಹೇಳಿದ್ದು," ಅಂದಳು.

ಕಷ್ಟವಾದದ್ದು ಅಜ್ಜಿಗೆ. "ನನ್ನ ಕಂಡರೆ ಓಡಿ ಬರ್ತವೆ ಕಣೇ. ಬರಿಗೈ ತೋರಿಸೋಕೆ ನಾಚಿಕೆ," ಎಂದು ಕುರ್ಚಿಯನ್ನು ರಸ್ತೆಯ ಕಡೆಗೆ ಹಾಕಿಸಿಕೊಂಡಳು.

ಮೇಸ್ತ್ರಿ ಮಾತಿನವರು. ಮನೆಯ ಕಥೆಯೆಲ್ಲ ಒಂದೇ ದಿನದಲ್ಲಿ ತಿಳಿದುಕೊಂಡು, ಬೆಳಗ್ಗೆ ಬಂದ ಕೂಡಲೇ ಕರಣೆ ಕೆಳಗಿಡದೆ ಗೂಡಿಗೆ ಬಗ್ಗಿ ನೋಡಿ, "ಇವತ್ತೂ ರಜೆನಾ?" ಅನ್ನುತ್ತಿದ್ದರು. ಒಂದು ಗೋಡೆ ಎದ್ದಿತು, ಇನ್ನೊಂದೂ ಎದ್ದಿತು. ಮೊಟ್ಟೆ ಇಲ್ಲ. ಭಾನುವಾರ ಹೋದಾಗ ತಾಳಿಕೋ ಎಂದರು ಎಲ್ಲರೂ. ಸೇರಿದ ಕೊಬ್ಬು ಕರಗಲು ಸೇರಿದಷ್ಟೇ ಹೊತ್ತು ಬೇಕು ಎಂದರು ಹಲ್ಲಿನ ಡಾಕ್ಟರು. ಮೂರನೇ ಗೋಡೆ ಶುರುವಾದ ಮೇಲೆ ಅಮ್ಮ ಮೇಸ್ತ್ರಿಗೆ ಗಳಿಗೆಗೊಂದು ಲೋಟ ಚಹಾ ಕೊಡತೊಡಗಿದಳು.

"ಅಮ್ಮ, ಇವರು ಕಟ್ಟೋಕೆ ಬಂದಿದ್ದಾರೋ ಕುಡಿಯೋಕೋ?" ಅಂದ ಅಣ್ಣ.

"ಬಿಸಿಲಲ್ಲಿ ಕೆಲಸ ಮಾಡ್ತಾರೆ ಪಾಪ."

"ಮೋಡ ಕವಿದಿದೆಯಲ್ಲಮ್ಮ."

"ಮೋಡದಲ್ಲೂ ಬಾಯಾರತ್ತೆ."

ಅಣ್ಣನಿಗೆ ಅರ್ಥವಾಗಿತ್ತು. ಚಹಾ ನಿಲ್ಲಿಸು ಎಂದು ಮಾತ್ರ ಅನ್ನಲಿಲ್ಲ. ಆದರೂ ಚಹಾದಿಂದ ಗೋಡೆಯ ಕೆಲಸ ನಿಲ್ಲುವುದಿಲ್ಲ. ಮೂರನೆಯದೂ ಮುಗಿಯಿತು.

ಆ ಬೆಳಗ್ಗೆ ನಾನು ಗೂಡಿನ ಹುಲ್ಲನ್ನೆಲ್ಲ ಕೈಯಿಂದ ತಡಕಿ ನೋಡಿ, ಏನೂ ಸಿಗದೆ, ಕೋಳಿಗಳನ್ನು ಹೊರಗೆ ಬಿಟ್ಟು ಒಳಗೆ ಹೋಗಿ ಪಾತ್ರೆ ತೊಳೆಯಲು ಕೂತೆ. ಹಿತ್ತಲಲ್ಲಿ ಮೇಸ್ತ್ರಿ ದಾರದ ಉಂಡೆ ಹಿಡಿದು, "ಎಲ್ಲಿ ಹಿಡೀಲಿ? ಈಚೆಗೋ ಆಚೆಗೋ?" ಎಂದು ಕೇಳುವುದು ಕೇಳಿಸಿತು. ಉತ್ತರದ ಬದಲು ಅಣ್ಣ ಇಟ್ಟಿಗೆ ಎಣಿಸತೊಡಗಿದ. ಅಪ್ಪ ಡಿಪೋಗೆ ಹೋಗಿದ್ದ. ಅಲ್ಲಿರಲು ಮನಸ್ಸಿಲ್ಲದೆ ಬೇಗನೆ ಹೊರಟಿದ್ದ ಎಂದು ನನಗೆ ಗೊತ್ತಿತ್ತು. ನಾನು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ.

ಅಷ್ಟರಲ್ಲಿ ಅಣ್ಣ ಮೆಲ್ಲಗೆ ನನ್ನನ್ನು ಕರೆದ. ಅಷ್ಟು ಮೆಲ್ಲಗೆ ಅವನು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

"ಬಾ ಇಲ್ಲಿ. ಓಡಬೇಡ."

ಮೂರು ಗೋಡೆಗಳ ನಡುವೆ, ಮೂಲೆಯಲ್ಲಿದ್ದ ಮರಳಿನ ರಾಶಿಯಲ್ಲಿ ಕಂಡಕ್ಟರ್ ಗುಂಡಿ ತೋಡಿಕೊಂಡು ಕೂತಿತ್ತು. ರೆಕ್ಕೆ ಅಗಲಿಸಿ, ಕಣ್ಣು ಅರ್ಧ ಮುಚ್ಚಿ. ಮೇಸ್ತ್ರಿ ಎತ್ತಿದ ಕಾಲು ಇಡದೆ ನಿಂತಿದ್ದರು. ಅಮ್ಮ ಕೈಯಲ್ಲಿ ಲೋಟ ಹಿಡಿದು ಬಾಗಿಲಲ್ಲೇ ನಿಂತಳು. ಅಜ್ಜಿ ಹಿಂದಿನಿಂದ, "ಏನಂತೆ, ಏನಂತೆ?" ಎಂದಾಗ ಅತ್ತಿಗೆ ಅವಳ ಭುಜ ಹಿಡಿದು ಸುಮ್ಮನಿರಿಸಿದಳು. ಔಷಧಿ ಅಂಗಡಿಗೆ ಹೊತ್ತಾಗಿತ್ತು ಅವಳಿಗೆ. ಹೋಗಲಿಲ್ಲ.

ಕಂಡಕ್ಟರಿಗೆ ಅವಸರವಿರಲಿಲ್ಲ. ಒಮ್ಮೆ ಎದ್ದು, ತಿರುಗಿ, ಮತ್ತೆ ಕೂತಿತು. ನಮ್ಮೆಲ್ಲರ ಉಸಿರೂ ಅದರ ಜೊತೆ ಎದ್ದು ಕೂತಿತು. ಕೊನೆಗೆ ಮೈ ಕೊಡವಿ ಎದ್ದು, ರಾಶಿಯಿಂದಿಳಿದು, ಬೀದಿಗೆಲ್ಲ ಕೇಳುವ ಹಾಗೆ ಕೂಗತೊಡಗಿತು. ಮರಳಿನ ಮೇಲೆ ಸಣ್ಣದೊಂದು ಮೊಟ್ಟೆ ಇತ್ತು.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

"ಹಾಗಾದ್ರೆ ಈಚೆಗೆ ದಾರ ಹಿಡೀತೀನಿ," ಎಂದರು ಮೇಸ್ತ್ರಿ.

"ತಾಳಿ," ಅಂದ ಅಣ್ಣ. "ಮೊಟ್ಟೆ ಯಾರೂ ಮುಟ್ಟಬೇಡಿ. ಅಪ್ಪ ಬಂದು ನೋಡಲಿ."

"ಅವರು ಬರೋದು ಮಧ್ಯಾಹ್ನ. ಅಲ್ಲೀತನಕ ನಾನೇನು ಮಾಡಲಿ?"

ಅಮ್ಮ ಅವರ ಕೈಗೆ ಲೋಟ ಕೊಟ್ಟಳು.

ಅಪ್ಪ ಬಂದಾಗ ಅವನನ್ನು ಯಾರೂ ಕರೆಯಬೇಕಾಗಲಿಲ್ಲ, ಅಭ್ಯಾಸಬಲದಿಂದ ಹಿತ್ತಲಿನ ಕಡೆಯಿಂದಲೇ ಬಂದ. ಮರಳಿನ ರಾಶಿಯ ಸುತ್ತ ಅಣ್ಣ ನಾಲ್ಕು ಇಟ್ಟಿಗೆ ಇಟ್ಟು ಕಾವಲು ಕೂತಿದ್ದ. ಅಪ್ಪ ಬಗ್ಗಿ ನೋಡಿದ. ಅಣ್ಣನ ಮುಖ ನೋಡಿದ. ಆ ಗೋಡೆಗಳ ನಡುವೆ ಒಮ್ಮೆ ಕೈ ಚಾಚಿ ನಿಂತು, ಅಲ್ಲಿ ಮೇಜು ಬಂದರೆ ಉಳಿಯುವ ಜಾಗವನ್ನು ಕಣ್ಣಲ್ಲೇ ಅಳೆದ. ಆಮೇಲೆ ಮೇಸ್ತ್ರಿಯ ಕೈಯಿಂದ ದಾರದ ತುದಿ ಇಸಿದುಕೊಂಡು, ಒಪ್ಪಿದ ಗೆರೆಯಿಂದ ಒಂದು ಹೆಜ್ಜೆ ಗೂಡಿನ ಕಡೆಗೇ ಸರಿದು ನಿಂತ.

"ಇಲ್ಲಿ ಹಿಡೀರಿ. ಗೂಡನ್ನ ಅಷ್ಟು ಆಚೆಗೆ ತಳ್ಳೋಣ. ಇವನಿಗೆ ಕೈ ಆಡಿಸೋಕಾದ್ರೂ ಜಾಗ ಬೇಡವಾ?"

"ಕೋಳಿಗಳಿಗೆ ಇಕ್ಕಟ್ಟಾಗಲ್ವಾಪ್ಪ?" ಅಂದ ಅಣ್ಣ.

"ಈಗ ಸಣ್ಣಗಾಗಿದಾವಲ್ಲೋ," ಅಂದ ಅಪ್ಪ.